ನಾಲ್ಕು ಜನರ ಮನೆ

ಅತ್ತೆ ಸೊಸೆ, ಮಗನ ಮದುವೆಯಾದಾಗಿನಿಂದ, ಒಂದೇ ಅಡುಗೆಮನೆಯಲ್ಲಿ ಹಾವು ಮುಂಗುಸಿಯ ಹಾಗೆ ಬದುಕಿದವರು. ಅವರಿದ್ದ ಹಳೆಯ ಕಟ್ಟಡದ ಗೋಡೆ ಬಿರುಕು ಬಿಟ್ಟು, ಅಧಿಕಾರಿಗಳು ಬಂದು ಎಲ್ಲರನ್ನೂ ಬೀದಿಗೆ ಇಳಿಸಿದ ದಿನವೂ ಜಗಳ ನಿಂತಿರಲಿಲ್ಲ. "ಕುಕ್ಕರ್ ತಗೊಂಡ್ಯೇನೇ?" ಎಂದು ಅತ್ತೆ, "ಮೊದ್ಲು ನಿಮ್ಮ ಹಲ್ಲಿನ ಸೆಟ್ ತಗೊಳ್ಳಿ!" ಎಂದು ಸೊಸೆ, ಮೆಟ್ಟಿಲ ಉದ್ದಕ್ಕೂ ಕೂಗಾಡಿಕೊಂಡೇ ಇಳಿದರು. ಮಗ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಕಂಡದ್ದು ರಸ್ತೆಬದಿಯಲ್ಲಿ ಸುತ್ತಿಟ್ಟ ಹಾಸಿಗೆಗಳು, ಅವುಗಳ ಮೇಲೆ ಸಾಲಾಗಿ ಕೂತ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಕೆಲವು ವಾರ ಸೊಸೆಯ ಅಣ್ಣನ ಮನೆಯಲ್ಲಿದ್ದರು. ಅತ್ತಿಗೆಯ ಪಾತ್ರೆಗಳು ದಿನದಿನಕ್ಕೂ ಹೆಚ್ಚು ಸದ್ದು ಮಾಡತೊಡಗಿದಾಗ ತಾವಾಗಿಯೇ ಎದ್ದು ಬಂದರು. ಆಮೇಲೆ ಬೇಕರಿಯ ಹಿಂದಿನ ಮೈದಾ ಗೋದಾಮು. ಅಲ್ಲಿ ಚಿಕ್ಕವಳಿಗೆ ಕೆಮ್ಮು ಹತ್ತಿತು, ಮಾಲೀಕನಿಗೆ ವಿಷಯ ಗೊತ್ತಾಯಿತು. ಕೊನೆಗೆ ಸಮುದಾಯ ಸೇವಾ ಸಂಸ್ಥೆಯವರು ಮುಚ್ಚಿದ ಶಾಲೆಯೊಂದರಲ್ಲಿ ನಡೆಸುತ್ತಿದ್ದ ಆಶ್ರಯ ಕೇಂದ್ರಕ್ಕೆ ಬಂದು ಸೇರಿದರು. ಒಂದೊಂದು ತರಗತಿಯನ್ನೂ ಪ್ಲೈವುಡ್ ಹಲಗೆಯಿಂದ ಮೂರು ಭಾಗ ಮಾಡಿದ್ದರು. ಒಂದು ಮನೆಯವರು ಪಿಸುಗುಟ್ಟಿದರೆ ಇನ್ನೊಂದು ಮನೆಯವರಿಗೆ ಕೇಳುತ್ತಿತ್ತು. ಇವರ ಪಾಲಿಗೆ ಕಪ್ಪು ಹಲಗೆಯಿದ್ದ ಭಾಗ ಬಂದಿತ್ತು. ಯಾರೋ ಬರೆದ ಭಾಗಾಕಾರದ ಲೆಕ್ಕ ಇನ್ನೂ ಅಳಿಸಿರಲಿಲ್ಲ.

ಕುಟುಂಬಗಳಿಗೆ ಬಾಡಿಗೆ ಮನೆ ಹುಡುಕಿಕೊಡುವುದಕ್ಕೆಂದೇ ಸಂಸ್ಥೆಯಲ್ಲಿ ಒಬ್ಬ ಹೆಂಗಸಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಊರೆಲ್ಲ ಓಡಾಡುವವಳು. ಚೀಲದ ತುಂಬ ಕೀಲಿ ಗೊಂಚಲುಗಳು ಜಣಜಣ ಅನ್ನುತ್ತಿದ್ದುದರಿಂದ ಕೇಂದ್ರದವರೆಲ್ಲ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು.

ಬೀಗದಕ್ಕ ತೋರಿಸಿದ ಮೊದಲ ಮನೆಯ ಮಾಲೀಕ, "ಈಗೆಲ್ಲಿದೀರಿ?" ಎಂದು ಕೇಳಿದ. ಮಗ ಉತ್ತರ ಹುಡುಕುವಷ್ಟರಲ್ಲಿ ಚಿಕ್ಕವಳು, "ಸ್ಕೂಲಲ್ಲಿ ಮಲಗ್ತೀವಿ" ಎಂದುಬಿಟ್ಟಳು. ಮಾತು ಅಲ್ಲಿಗೇ ಮುಗಿಯಿತು. ಎರಡನೆಯದು ನೆಲಮಾಳಿಗೆ, ಗೋಡೆ ಮುಟ್ಟಿದರೆ ಅಂಗೈಗೆ ಸುಣ್ಣ ಬರುತ್ತಿತ್ತು. ಮೂರನೆಯ ಮನೆಯವನು ಆಗಲಿ ಎಂದು ಕೈಕುಲುಕಿ, ಸಂಜೆ ಫೋನ್ ಮಾಡಿ ತನ್ನ ಭಾವಮೈದ ಬರುತ್ತಿದ್ದಾನೆ ಎಂದ. ನಾಲ್ಕನೆಯವನದೂ ಅದೇ ಮಾತು.

"ಈ ಊರಲ್ಲಿ ಮನೆ ಇರೋರಿಗೆಲ್ಲ ಬೀದೀಲಿರೋ ಭಾವಮೈದ ಒಬ್ಬ ಇದ್ದೇ ಇರ್ತಾನೆ ಅಂತ ಕಾಣುತ್ತೆ" ಎಂದಳು ಅತ್ತೆ. ಬೀಗದಕ್ಕ ಬಿದ್ದು ಬಿದ್ದು ನಕ್ಕಳು. ಸೊಸೆಗೂ ನಗು ಬಂತು. ಅತ್ತೆಯ ಮಾತಿಗೆ ನಗಬಾರದೆಂದು ಆಚೆ ತಿರುಗಿಕೊಂಡಳು.

ಬಾಗಿಲುಗಳು ಹೀಗೆ ಮುಚ್ಚುತ್ತಲೇ ಹೋದ ಮೇಲೆ ಸಂಸ್ಥೆಯದೇ ಕಟ್ಟಡದಲ್ಲಿ ಒಂದು ಮನೆ ಖಾಲಿಯಾಯಿತು. ಸೈಕಲ್ ಅಂಗಡಿಯ ಮೇಲೆ, ಮೂರನೆಯ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ. ಬಾಡಿಗೆ ಮಗನ ಸಂಬಳದಲ್ಲಿ ನಿಭಾಯಿಸುವಂಥದ್ದು. ಐವರೂ ನೋಡಲು ಹೋದರು. ಸೊಸೆ ನಲ್ಲಿ ತಿರುಗಿಸಿ, ನೀರು ಬಿಸಿಯಾಗುವವರೆಗೂ ಕೈಯೊಡ್ಡಿ ನಿಂತಳು. ದೊಡ್ಡವಳು ಕಿಟಕಿಯ ಪಕ್ಕದ ಮೂಲೆಯನ್ನು ನೋಡಿ, "ಇಲ್ಲಿ ನಾನು ಓದ್ಕೊಳ್ಳೋದು, ಯಾರೂ ಬರ್ಬೇಡಿ" ಎಂದಳು. ಅತ್ತೆ ಅಡುಗೆಕಟ್ಟೆಯನ್ನು ಕೈಯಿಂದ ಅಳೆದು ನೋಡಿದಳು.

"ಎತ್ತರ ಜಾಸ್ತಿಯಾಯ್ತು" ಎಂದಳು.

"ನಿಮಗೆ ಜಾಸ್ತಿ. ಅಡುಗೆ ಮಾಡೋಳು ನಾನು" ಎಂದಳು ಸೊಸೆ.

ಬೀಗದಕ್ಕ ಫೋನು ಹಿಡಿದು ಹೊರಗೆ ಮೆಟ್ಟಿಲ ಬಳಿ ನಿಂತಿದ್ದಳು. ಒಳಗೆ ಬಂದಾಗ ಅವಳ ಮುಖದಲ್ಲಿ ಕಳೆಯಿರಲಿಲ್ಲ. ಹಿಂದೊಮ್ಮೆ ಪಕ್ಕದ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ, ಸಂಸ್ಥೆಯವರು ಎರಡು ಕೋಣೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಇರಬಾರದೆಂದು ನಿಯಮ ಮಾಡಿದ್ದರು. ಇವರಿಗಾಗಿ ವಿನಾಯಿತಿ ಕೇಳಿದ್ದಳು. ಕೊಟ್ಟೇ ಕೊಡುತ್ತಾರೆ ಎಂಬ ನಂಬಿಕೆಯಿಂದಲೇ ಕರೆತಂದಿದ್ದಳು. ಈಗ ಆಗುವುದಿಲ್ಲ ಎಂದಿದ್ದರು.

"ಅಜ್ಜೀಗೆ ವೃದ್ಧಾಶ್ರಮದಲ್ಲಿ ಜಾಗ ಕೇಳಬಹುದು" ಎಂದಳು ಅವಳು, ಯಾರ ಮುಖವನ್ನೂ ನೋಡದೆ. "ಸದ್ಯಕ್ಕೆ ಅಷ್ಟೆ. ಆಮೇಲೆ ದೊಡ್ಡ ಮನೆ ಸಿಕ್ಕಾಗ... ನಾಳೆ ಬೆಳಗ್ಗೆಯೊಳಗೆ ಹೇಳಿ. ಇದಕ್ಕೆ ತುಂಬ ಜನ ಕಾಯ್ತಿದಾರೆ."

ಅತ್ತೆ ತಕ್ಷಣ, "ಹೂಂ, ಹೋಗ್ತೀನಿ. ಅದಕ್ಕೇನಂತೆ?" ಎಂದಳು.

ಸೊಸೆ ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಚಿಲಕವನ್ನು ಹಾಕುತ್ತ, ತೆಗೆಯುತ್ತ ನಿಂತಿದ್ದ. ಅವನು ಒಪ್ಪಿಬಿಟ್ಟಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ತಾಯಿಗೂ ಅರ್ಥವಾಗಿದೆ ಎಂಬುದೂ ಅರ್ಥವಾಯಿತು.

"ನೀವು ಬಾಯ್ಮುಚ್ಕೊಂಡಿರಿ ಅತ್ತೆ" ಎಂದಳು. "ಇಷ್ಟು ವರ್ಷ ನನ್ನ ಜೀವ ತಿಂದು, ಈಗ ಆರಾಮಾಗಿ ತಪ್ಪಿಸ್ಕೊಂಡು ಹೋಗ್ತೀರಾ? ಮಕ್ಕಳನ್ನ ಎತ್ತಿ ಆಡಿಸಿದ್ದು ಯಾರು? ನಾನು ಹೆರಿಗೆಯಾಗಿ ಜ್ವರದಲ್ಲಿ ಬಿದ್ದಿದ್ದಾಗ ನನ್ನ ಬಟ್ಟೆ ಒಗೆದದ್ದು ಯಾರು? ಅಕ್ಕಾ, ನಾವು ಐದು ಜನ. ಐದು ಜನಕ್ಕೆ ಎಲ್ಲಿ ಸಿಗುತ್ತೋ ಅಲ್ಲಿ ತೋರ್ಸಿ."

"ನೋಡಮ್ಮ, ಇಂಥ ಮನೆ ಮತ್ತೆ..."

"ಬೇಡ ಅಂದ್ನಲ್ಲ."

ಕೇಂದ್ರಕ್ಕೆ ಮರಳುವಾಗ ಬಸ್ಸಿನಿಂದ ಇಳಿಯುತ್ತ ಅತ್ತೆ, "ಬುದ್ಧಿ ಇಲ್ಲ ನಿಂಗೆ" ಎಂದು ಸೊಸೆಯ ಭುಜ ಹಿಡಿದುಕೊಂಡಳು. ಬಸ್ಸಿನ ಮೆಟ್ಟಿಲು ಎತ್ತರವಿತ್ತು, ಅದಕ್ಕೆ ಹಿಡಿದದ್ದಿರಬೇಕು ಎಂದುಕೊಂಡಳು ಸೊಸೆ. ಆದರೆ ಗೇಟು ದಾಟುವವರೆಗೂ ಆ ಕೈ ಅಲ್ಲೇ ಇತ್ತು.

ಆ ಮನೆ ಹಲಗೆಯ ಆಚೆಗಿದ್ದ ಕುಟುಂಬಕ್ಕೆ ಸಿಕ್ಕಿತು. ಅವರ ಪೆಟ್ಟಿಗೆಗಳನ್ನು ಆಟೋಗೆ ಏರಿಸಲು ಮಗನೇ ಕೈಜೋಡಿಸಿದ.

ಐದು ಜನರ ಮನೆ ಮಾತ್ರ ಸಿಗಲೇ ಇಲ್ಲ. ಬೀಗದಕ್ಕ ಮೊದಮೊದಲು ದಿನಾ ಬರುತ್ತಿದ್ದಳು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ದೂರದಿಂದಲೇ ತಲೆಯಾಡಿಸಿ ಹೋಗತೊಡಗಿದಳು. ಅವಳ ತಪ್ಪೇನೂ ಇರಲಿಲ್ಲ. ಹೇಳುವುದಕ್ಕೆ ಏನೂ ಇರಲಿಲ್ಲ. ಅಷ್ಟರಲ್ಲಿ ಕೇಂದ್ರವನ್ನೇ ಮುಚ್ಚುವ ಸುದ್ದಿ ಬಂತು. ಶಾಲೆಯ ಜಾಗ ಬೇರೆ ಯಾವುದಕ್ಕೋ ಬೇಕಾಗಿತ್ತಂತೆ. ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು ಎಂದರು. ಮನೆ ಸಿಗದವರಲ್ಲಿ ಹೆಂಗಸರು ಮಕ್ಕಳು ಒಂದು ಹಾಸ್ಟೆಲ್ಲಿಗೆ, ಗಂಡಸರು ಊರಿನ ಇನ್ನೊಂದು ತುದಿಯ ವಸತಿಗೃಹಕ್ಕೆ.

ಆ ಸಂಜೆ ದೊಡ್ಡವಳು ಪುಸ್ತಕದ ಚೀಲ ಎಸೆದು ಅಳತೊಡಗಿದಳು. ಹಾಸ್ಟೆಲ್ಲಿಗೆ ಹೋದರೆ ಶಾಲೆ ಮತ್ತೆ ಬದಲಾಗಬೇಕಿತ್ತು. ಸೊಸೆ ಸಮಾಧಾನ ಮಾಡಲು ಹೋದಾಗ ಹುಡುಗಿ ಕಿರುಚಿದಳು: "ಅಜ್ಜಿ ಇಲ್ದಿದ್ರೆ ನಾವೀಗ ಆ ಮನೇಲಿ ಇರ್ತಿದ್ವಿ!"

ಸೊಸೆಯ ಕೈ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಹಲಗೆಯಾಚೆ ಹೊಸದಾಗಿ ಬಂದಿದ್ದವರ ಮಾತುಕತೆಯೂ ನಿಂತಿತು. ಚಾಪೆಯ ಮೇಲೆ ಕೂತು ಚಿಕ್ಕವಳ ಜಡೆ ಹೆಣೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಯಾಕೆ ಹೊಡೀತೀಯ?" ಎಂದಳು. "ಅವಳು ಇದ್ದದ್ದು ಇದ್ದ ಹಾಗೆ ಹೇಳಿದ್ಲು." ಜಡೆ ಪೂರ್ತಿ ಹೆಣೆದು ರಿಬ್ಬನ್ ಕಟ್ಟಿದಳು.

ಮರುದಿನ ಮಗ ಪಾಳಿ ಮುಗಿಸಿ ಬಂದು ಮಲಗಿದ್ದಾಗ, ಸೊಸೆ ತಾನು ಕೆಲಸಕ್ಕಿದ್ದ ಆಸ್ಪತ್ರೆಯ ಲಾಂಡ್ರಿಗೆ ಹೋಗಿದ್ದಾಗ, ಅತ್ತೆ ಎರಡು ಸೀರೆಯನ್ನೂ ಹಲ್ಲಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬೀಗದಕ್ಕನ ಕಚೇರಿಗೆ ನಡೆದುಕೊಂಡೇ ಹೋದಳು.

"ನನ್ನನ್ನ ಎಲ್ಲಾದ್ರೂ ಸೇರಿಸಮ್ಮ" ಎಂದಳು. "ಈಗ ಅವರು ನಾಲ್ಕು ಜನ. ಅವರಿಗೆ ಮನೆ ಕೊಟ್ಟುಬಿಡು."

ಬೀಗದಕ್ಕ ಎದ್ದು ಬಂದು ಅವಳ ಪಕ್ಕದ ಬೆಂಚಿನ ಮೇಲೆ ಕೂತಳು. "ಅಜ್ಜೀ, ಆ ಕಟ್ಟಡ ತುಂಬಿಹೋಗಿದೆ. ನಾಲ್ಕು ಜನಕ್ಕೂ ಈಗ ಮನೆ ಇಲ್ಲ."

"ಒಂದಾದ್ರೂ?"

"ಒಂದೂ ಇಲ್ಲ. ವಾಪಸ್ ಹೋಗೋಣ ಬನ್ನಿ, ನಾನೇ ಬಿಟ್ಟುಬರ್ತೀನಿ."

"ಬಿಟ್ಟು ಬಂದಾಯ್ತಲ್ಲ" ಎಂದಳು ಅತ್ತೆ. "ಮತ್ತೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಮುಂದೆ ಖಾಲಿಯಾದಾಗ ಅವರನ್ನೇ ಮೊದ್ಲು ನೆನಪಿಸ್ಕೋ. ನಾಲ್ಕೇ ಜನ ಅಂತ ಹೇಳು."

ಬೀಗದಕ್ಕ ಎಷ್ಟು ಹೇಳಿದರೂ ಅವಳು ಬೆಂಚು ಬಿಟ್ಟು ಏಳಲಿಲ್ಲ. ಸಂಜೆಯ ಹೊತ್ತಿಗೆ ವೃದ್ಧಾಶ್ರಮದಲ್ಲಿ ಒಂದು ಮಂಚ ಸಿಕ್ಕಿತು. ಹಿಂದಿನ ದಿನವಷ್ಟೇ ಅದರ ಮೇಲಿದ್ದವಳು ತೀರಿಕೊಂಡಿದ್ದಳು. ಕೇಂದ್ರಕ್ಕೆ ಹೋಗಿ ಮಗ ಸೊಸೆಗೆ ಸುದ್ದಿ ಮುಟ್ಟಿಸಿದವಳೂ ಬೀಗದಕ್ಕನೇ.

ತಿಂಗಳು ಮುಗಿಯಿತು. ಮಗ ವಸತಿಗೃಹಕ್ಕೆ ಹೋದ. ಸೊಸೆ ಮಕ್ಕಳಿಬ್ಬರನ್ನು ಕರೆದುಕೊಂಡು ಹಾಸ್ಟೆಲ್ ಸೇರಿದಳು.

ಮೊದಲ ಭಾನುವಾರ ಅವಳು ಅತ್ತೆಯನ್ನು ನೋಡಲು ಹೋದಳು. ದೊಡ್ಡವಳು ಬರಲಿಲ್ಲ, ಅಜ್ಜಿ ಹೊರಟುಹೋದ ದಿನದಿಂದ ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಚಿಕ್ಕವಳನ್ನೂ ಅವಳ ಜೊತೆಗೇ ಬಿಟ್ಟು ಬಂದಿದ್ದಳು ಸೊಸೆ. ಗಂಡ ಗೇಟಿನವರೆಗೆ ಬಂದು, "ನೀನು ಹೋಗು, ನಾನು ಇಲ್ಲೇ ಇರ್ತೀನಿ" ಎಂದ. ಒಳಗೆ ಉದ್ದನೆಯ ಹಜಾರದಲ್ಲಿ ಎರಡು ಸಾಲು ಮಂಚಗಳು. ಅತ್ತೆ ಒಂದರ ಅಂಚಿನಲ್ಲಿ, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು.

"ಯಾಕೆ ಬಂದೆ? ಮಕ್ಕಳನ್ನ ಯಾರ ಹತ್ರ ಬಿಟ್ಟೆ?"

"ವಾರ್ಡನ್ ಹತ್ರ. ನೀವು ಸಣ್ಣಗಾಗಿದೀರಿ. ಊಟ ಸರಿಯಾಗಿ ಮಾಡ್ತಿದೀರಾ?"

"ನಿನ್ನ ಅಡುಗೆ ಎಷ್ಟೋ ವಾಸಿ ಅನ್ನೋ ಹಾಗಿದೆ. ನೋಡು, ಎಂಥ ಗತಿ ಬಂತು ನಂಗೆ!"

ಸೊಸೆ ನಗಲು ನೋಡಿದಳು. ಆಗಲಿಲ್ಲ. ಅತ್ತೆಯ ಚೀಲವನ್ನು ಮಂಚದ ಕೆಳಗಿನಿಂದ ಎಳೆದು ಮಡಿಲಲ್ಲಿಟ್ಟುಕೊಂಡಳು.

"ಸಾಕು ಎದ್ದೇಳಿ ಅತ್ತೆ. ನಡೀರಿ, ಹೋಗೋಣ."

ಅತ್ತೆ ಅವಳನ್ನೇ ನೋಡಿದಳು. ಆ ನೋಟದಲ್ಲಿ ಜಗಳವಿರಲಿಲ್ಲ.

"ಎಲ್ಲಿಗೇ?" ಎಂದಳು.

ಹಾಸ್ಟೆಲ್ಲಿನಲ್ಲಿ ಮೂವರಿಗೆ ಎರಡು ಮಂಚ. ವಯಸ್ಸಾದವರನ್ನು ಸೇರಿಸುವುದಿಲ್ಲವೆಂದು ವಾರ್ಡನ್ ಮೊದಲೇ ಹೇಳಿದ್ದಳು. ಅಣ್ಣನ ಮನೆ, ಗೋದಾಮು, ಬೀಗದಕ್ಕನ ಕಚೇರಿ, ಎಲ್ಲವೂ ಸೊಸೆಯ ಕಣ್ಣ ಮುಂದೆ ಬಂದುಹೋದವು. ಅತ್ತೆ ನಿಧಾನಕ್ಕೆ ಅವಳ ಮಡಿಲಿಂದ ಚೀಲ ತೆಗೆದುಕೊಂಡು ಮತ್ತೆ ಮಂಚದ ಕೆಳಗೆ ತಳ್ಳಿದಳು. ಬಳಿಕ ಇಬ್ಬರೂ ಪಕ್ಕಪಕ್ಕದಲ್ಲಿ, ಒಂದು ಮಾತೂ ಆಡದೆ, ಭೇಟಿಯ ಹೊತ್ತು ಮುಗಿಯುವವರೆಗೆ ಕೂತರು. ಅವರು ಹಾಗೆ ಸುಮ್ಮನೆ ಕೂತದ್ದು ಅದೇ ಮೊದಲು.

ಹೊರಗೆ ಗಂಡ ಗೇಟಿನ ಕಂಬಿ ಹಿಡಿದು ನಿಂತಿದ್ದ.

"ಅಮ್ಮ ನನ್ನ ಕೇಳಿದ್ರಾ?"

ಅವಳು ತಲೆಯಾಡಿಸಿದಳು. ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಕತ್ತಲಾಗುವ ಮೊದಲು ಇಬ್ಬರೂ ತಂತಮ್ಮ ಜಾಗ ಸೇರಬೇಕಿತ್ತು. ಅವನ ಬಸ್ಸು ರಸ್ತೆಯ ಈಚೆ ಬರುವುದು, ಅವಳದು ಆಚೆ. ಅವಳು ರಸ್ತೆ ದಾಟಿ ನಿಂತಳು.