ಮದ್ದಿನ ಸುದ್ದಿ

ಪತ್ರಿಕೆಯವರದ್ದೇನೂ ತಪ್ಪಿಲ್ಲ. ಕನ್ನಡದಲ್ಲಿ ಅದಕ್ಕೆ ಇರುವುದೇ ಆ ಮಾತು. ‘ಉದ್ದೀಪನ ಮದ್ದು ಸೇವನೆ: ಮುಂಬಯಿ ವೇಟ್‌ಲಿಫ್ಟರ್ ಅಕ್ಷಯಗೆ ನಿಷೇಧ’ ಎಂದು ಕ್ರೀಡಾಪುಟದ ಮೂಲೆಯಲ್ಲಿ ಹಾಕಿದ್ದರು. ದಾದರಿನ ಹೋಟೆಲಿನಲ್ಲಿ ಮ್ಯಾನೇಜರಾಗಿರುವ ಮೋನಪ್ಪ ಆ ಹಾಳೆಯನ್ನು ಮಡಚಿ ಆಂಟಾಪ್ ಹಿಲ್‌ನ ಮನೆಗೆ ತಂದು, ಮಗನ ಮುಖ ನೋಡದೆ ಹೆಂಡತಿಯ ಕೈಗೆ ಕೊಟ್ಟ. ನೀಲಾವತಿಗೆ ಉದ್ದೀಪನ ಅರ್ಥವಾಗಲಿಲ್ಲ. ಮದ್ದು ಅರ್ಥವಾಯಿತು.

“ಯಾರೋ ಮದ್ದು ಹಾಕಿದ್ದಾರೆ ನನ್ನ ಮಗನಿಗೆ,” ಎಂದಳು.

ಅವರ ಊರು ಉಡುಪಿಯ ಕಡೆ ಮದ್ದು ಹಾಕುವುದೆಂದರೆ ಹೊಟ್ಟೆಕಿಚ್ಚಿನವರು ತಿಂಡಿಯಲ್ಲಿ ಏನನ್ನೋ ಕಲಸಿ ತಿನ್ನಿಸುವುದು. ತಿಂದವನು ಕೆಡುತ್ತಾನೆ, ಆದರೂ ಹಾಕಿದವರ ಪರವಾಗಿಯೇ ಮಾತಾಡುತ್ತಾನೆ ಎಂದು ನಂಬಿಕೆ. ಅಕ್ಷಯ ಆಗಲೇ ಬಾಯಿ ಬಿಡಬೇಕಿತ್ತು. ಜಿಮ್ಮಿನಲ್ಲಿ ತಾನೇ ಕೇಳಿ ಸ್ಟೆರಾಯ್ಡ್ ಚುಚ್ಚಿಸಿಕೊಂಡದ್ದು, ಸ್ಪರ್ಧೆಯ ಬಳಿಕ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು, ಎರಡೇ ಮಾತು. ಅಷ್ಟು ಭಾರ ಎತ್ತುವ ಗಂಡಸಿಗೆ ಆ ಎರಡು ಮಾತು ಎತ್ತಲಾಗಲಿಲ್ಲ.

“ನನ್ನ ಕೈಯದ್ದು ಬಿಟ್ಟು ಬೇರೆ ಯಾರ ಕೈಯಿಂದ ತಿಂದದ್ದು ನೀನು?”

“ಪಕ್ಕದ ಚನ್ನವ್ವ ಆಂಟಿ ಶೇಂಗಾ ಉಂಡೆ ಕೊಡ್ತಾರಲ್ಲ,” ಎಂದ.

ಸುಳ್ಳಲ್ಲ. ವಿಜಯಪುರ ಕಡೆಯ ಚನ್ನವ್ವ ಬಿಲ್ಡಿಂಗಿನ ಕನ್ನಡದ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬದುಕುವವಳು. ಹುಡುಗ ಕಸರತ್ತು ಮಾಡುತ್ತಾನೆಂದು ಆಗಾಗ ಡಬ್ಬಿ ತುಂಬ ಉಂಡೆ ಕಳಿಸುತ್ತಿದ್ದಳು. ನಿಜವನ್ನೇ ಹೇಳಿಯೂ ಇಷ್ಟು ನೀಚನಾಗಬಹುದೆಂದು ಅಕ್ಷಯನಿಗೆ ಆಗ ತಿಳಿಯಿತು. ಆದರೂ ಆ ಮಾತನ್ನು ತಿದ್ದಲಿಲ್ಲ.

ನೀಲಾವತಿ ಜಗಳವಾಡಲಿಲ್ಲ. ಡಬ್ಬಿಯನ್ನು ತೊಳೆದು ಚನ್ನವ್ವನ ಬಾಗಿಲಲ್ಲಿ ಖಾಲಿ ಇಟ್ಟು ಬಂದಳು. ಒಂದು ಚಮಚ ಸಕ್ಕರೆಯನ್ನಾದರೂ ಹಾಕದೆ ಡಬ್ಬಿ ಹಿಂದಿರುಗಿಸುವ ಪದ್ಧತಿ ಆ ಬಿಲ್ಡಿಂಗಿನಲ್ಲಿ ಇಲ್ಲ. ಯಾಕೆಂದು ಒಬ್ಬಳು ಕೇಳಿದಳು, ನೀಲಾವತಿ ಹೇಳಿದಳು, ಅಷ್ಟು ಸಾಕಾಯಿತು. ರೊಟ್ಟಿ ಬೇಡವೆನ್ನುವ ಮನೆಗಳು ಹೆಚ್ಚಿದವು. ಬೆಳಗ್ಗೆ ಗೋಡೆಯಾಚೆಯಿಂದ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ಕಡಿಮೆಯಾಗುತ್ತ ಬಂದು ನಿಂತೇ ಹೋಯಿತು. ಸದ್ದಿದ್ದಾಗ ಅಕ್ಷಯ ಇಯರ್‌ಫೋನ್ ಹಾಕಿಕೊಂಡು ಮಲಗುತ್ತಿದ್ದ. ಸದ್ದಿಲ್ಲದ್ದಕ್ಕೆ ಇಯರ್‌ಫೋನು ಏನು ಮಾಡೀತು?

ಭಾನುವಾರ ಉಡುಪಿಯ ಬಸ್ಸಿನಲ್ಲಿ ಮದ್ದು ಇಳಿಸುವ ಕಷಾಯ ಬಂತು. ಕುಡಿದ ಅಕ್ಷಯ ಮೋರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿದ. ನೆರೆಯವರೆಲ್ಲ ಬಾಗಿಲಲ್ಲಿ ನೆರೆದರು. ಅವರ ಹಿಂದೆ ಚನ್ನವ್ವನೂ ಬಂದು ನಿಂತಳು.

“ಅಕ್ಕಾರ, ಹುಡುಗಗ ಒಂದೀಟು ಗಂಜಿ ಕುಡಸ್ರಿ, ಹೊಟ್ಟಿ ತಣ್ಣಗಾಗ್ತೈತಿ. ನಾ ಮುಟ್ಟಂಗಿಲ್ಲ, ನೀವ ಮಾಡ್ರಿ,” ಎಂದಳು. ಆಮೇಲೆ ಅಕ್ಷಯನ ಕಡೆ ತಿರುಗಿ, “ಯಪ್ಪಾ, ಉಂಡ್ಯಾಗ ನಾ ಏನರ ಹಾಕೀನೇನು? ನಿನ್ನ ಬಾಯ್ಲೆ ಹೇಳಿಬಿಡು,” ಎಂದಳು.

ಇವಳ ಮುಂದೆ ಇನ್ನೂ ಸುಮ್ಮನಿದ್ದರೆ ತಾನು ಮನುಷ್ಯನೇ ಅಲ್ಲ ಅನ್ನಿಸಿತು ಅವನಿಗೆ.

“ಇಲ್ಲ ಆಂಟಿ. ಅಮ್ಮ, ನಾನೇ ಇಂಜೆಕ್ಷನ್ ತಗೊಂಡದ್ದು. ಜಿಮ್‌ನಲ್ಲಿ, ಮೆಡಲ್‌ಗೋಸ್ಕರ. ಆಂಟಿದು ಏನೂ ಗಲತಿ ಇಲ್ಲ.”

ನೀಲಾವತಿ ಮಗನ ತಲೆ ಸವರಿದಳು. ಅವಳ ಕಣ್ಣು ತುಂಬಿತ್ತು.

“ಕೇಳಿದ್ರಲ್ಲ?” ಎಂದು ಬಾಗಿಲಲ್ಲಿದ್ದವರಿಗೆ ಹೇಳಿದಳು. “ಈಗಲೂ ಅವಳ ಪರವೇ ಮಾತಾಡ್ತಾನೆ. ಪೂರ್ತಿ ಇಳಿದಿಲ್ಲ ಅದು.” ಇನ್ನೊಂದು ಲೋಟ ಕಷಾಯ ಬಗ್ಗಿಸಿದಳು.

ಚನ್ನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ತನ್ನ ಮನೆಗೆ ಹೋದಳು. ಅಕ್ಷಯ ತಂದೆಯ ಕಡೆ ನೋಡಿದ. ಉದ್ದೀಪನ ಮದ್ದೆಂದರೆ ಏನೆಂದು ಮೋನಪ್ಪನಿಗೆ ಮೊದಲ ದಿನವೇ ಗೊತ್ತಿತ್ತು, ಅದು ಮಗನಿಗೂ ಗೊತ್ತಿತ್ತು.

“ಕುಡಿ,” ಎಂದ ಮೋನಪ್ಪ, ಮೆಲ್ಲಗೆ. “ಹೋಟೆಲಿನಲ್ಲಿಯೂ ನಾನು ಯಾರೋ ಮದ್ದು ಹಾಕಿದ್ದೆಂದೇ ಹೇಳಿದ್ದು.”