ನಾದಿನಿಯ ಹೆಸರಲ್ಲಿ ನೂರಕ್ಕೆ ನೂರು

ಲಾಂಡ್ರಿಯ ಹೆಂಗಸರು ಅದಕ್ಕೆ ‘ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಕಂಪನಿಯವರು ಇಟ್ಟ ಹೆಸರು ಬೇರೆಯೇ ಇತ್ತು, ಹೇಳಹೋದರೆ ನಾಲಗೆ ತೊಡರುತ್ತಿತ್ತು. ಒಬ್ಬೊಬ್ಬರ ಮೊಬೈಲಿನಲ್ಲೂ ಕೂತು, ಪಾಠ ನೋಡು, ಪ್ರಶ್ನೆಗೆ ಉತ್ತರ ಒತ್ತು ಎಂದು ತಲೆ ತಿನ್ನುವ ಆ ಸಾಫ್ಟ್‌ವೇರಿಗೆ ಮೇಷ್ಟ್ರು ಎಂಬುದೇ ತಕ್ಕ ಹೆಸರು ಎಂದು ಎಲ್ಲರೂ ಒಪ್ಪಿದ್ದರು. ನಿಜವಾದ ಮೇಷ್ಟ್ರಾದರೆ ಒಮ್ಮೊಮ್ಮೆ ರಜೆಯನ್ನಾದರೂ ಹಾಕುತ್ತಾರೆ, ಇದಕ್ಕೆ ಅದೂ ಇಲ್ಲ. ಪಾಠ ಬಾಕಿ ಉಳಿದರೆ ಹೆಸರಿನ ಮುಂದೆ ಕೆಂಪು ಬೀಳುತ್ತದೆ. ಕೆಂಪು ಬಿದ್ದವರ ಬ್ಯಾಡ್ಜಿಗೆ ಗೇಟು ತೆರೆಯುವುದಿಲ್ಲ. ಹಾಗಂತ ಕೆಲಸದ ಹೊತ್ತಿನಲ್ಲಿ ಪಾಠ ನೋಡುವಂತೆಯೂ ಇಲ್ಲ. ಆಸ್ಪತ್ರೆಗಳಿಂದ ಲಾರಿಗಟ್ಟಲೆ ಬರುವ ಹಾಸುಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕಳಿಸಿ, ಸೊಂಟ ಹಿಡಿದುಕೊಂಡು ಮನೆಗೆ ಹೋದ ಮೇಲೆ ಕಲಿಯಬೇಕು. ಕಲಿಯುವ ಹುಮ್ಮಸ್ಸು ಸದಾ ಇರಬೇಕು ಎಂದು ಮೇಷ್ಟ್ರ ಮೊದಲನೆಯ ಪಾಠದಲ್ಲೇ ಇತ್ತು.

ಅತ್ತಿಗೆ ಇಸ್ತ್ರಿ ರೋಲರಿನವಳು. ಕುದಿಯುವಷ್ಟು ಬಿಸಿಯಾಗಿ ತಿರುಗುವ ಉದ್ದುದ್ದ ಉರುಳೆಗಳ ನಡುವೆ ಒದ್ದೆ ಹಾಸುಬಟ್ಟೆಯ ಅಂಚು ಹಿಡಿದು ಕೊಡುತ್ತಾ ಹೋಗುವುದು ಅವಳ ಕೆಲಸ. ನಾದಿನಿ ಅದೇ ಲಾಂಡ್ರಿಯಲ್ಲಿ ಮಡಿಸುವ ಮೇಜಿನವಳು. ನಾದಿನಿಯ ಅಣ್ಣ, ಅಂದರೆ ಅತ್ತಿಗೆಯ ಗಂಡ, ಇನ್ನೊಬ್ಬಳನ್ನು ಕಟ್ಟಿಕೊಂಡು ಕಂಬಿ ಕಿತ್ತು ವರ್ಷಗಳೇ ಉರುಳಿದ್ದವು. ಸಂಬಂಧ ಬೆಸೆದವನೇ ಹೋದ ಮೇಲೂ ಸಂಬಂಧ ಉಳಿದಿತ್ತು. ಅತ್ತಿಗೆ ಆ ಮನೆ ಬಿಡಲಿಲ್ಲ, ಬಿಡು ಎಂದು ಯಾರೂ ಅನ್ನಲೂ ಇಲ್ಲ. ಎರಡು ಕೋಣೆಯ ಬಾಡಿಗೆಮನೆ, ಮಂಡಿ ಹಿಡಿದುಕೊಂಡು ಓಡಾಡುವ ಅತ್ತೆ, ಎಲ್ಲ ಈ ಇಬ್ಬರ ದುಡಿಮೆಯ ಮೇಲೆ ನಿಂತಿತ್ತು.

ನಾದಿನಿ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುವ ಹುಡುಗಿ.

“ಅತ್ತಿಗೆ, ನಂದೂ ಒಂಚೂರು ಒತ್ತಿಬಿಡಿ. ಕಣ್ಣು ಎಳೀತಿದೆ.”

“ಇನ್ನು ನಿನ್ನ ಬದಲು ಉಣ್ಣೋದು, ಮಲಗೋದು ಎಲ್ಲಾ ನಾನೇ ಮಾಡ್ಲಾ?”

“ಮಲಗೋದನ್ನ ನಾನು ನೋಡ್ಕೋತೀನಿ ಬಿಡಿ” ಎಂದು ಅವಳು ಮೊಬೈಲನ್ನು ಅತ್ತಿಗೆಯ ಮಡಿಲಿಗೆ ಹಾಕಿ ಗೋಡೆಗೆ ಮುಖ ಮಾಡುತ್ತಿದ್ದಳು.

ಮಕ್ಕಳಿಲ್ಲದ ಅತ್ತಿಗೆಗೆ ಅವಳೆಂದರೆ ಜೀವ. ಬೈದುಕೊಂಡೇ ಒತ್ತುತ್ತಿದ್ದಳು. ಬೆಂಕಿ ಬಿದ್ದರೆ ಏನು ಮಾಡಬೇಕು, ಮೇಲಧಿಕಾರಿಯ ಜೊತೆ ಹೇಗೆ ಮಾತಾಡಬೇಕು, ಮನಸ್ಸನ್ನು ಹೇಗೆ ಶಾಂತವಾಗಿಟ್ಟುಕೊಳ್ಳಬೇಕು, ಹೀಗೆ ಎಲ್ಲವನ್ನೂ ಇಬ್ಬರ ಪರವಾಗಿ ಅವಳೊಬ್ಬಳೇ ಕಲಿತಳು. ರೋಲರಿನ ಪಾಠ ಎಲ್ಲರಿಗೂ ಬಂದಾಗಲೂ ಹಾಗೆಯೇ ಆಯಿತು. ತನ್ನದನ್ನು ಅವಸರದಲ್ಲಿ ಒತ್ತಿ ಅಲ್ಲೊಂದು ಇಲ್ಲೊಂದು ತಪ್ಪು ಮಾಡಿಕೊಂಡಳು. ನಾದಿನಿಯದನ್ನು ಮಾತ್ರ ನಿಧಾನವಾಗಿ ಒತ್ತಿದಳು, ಇನ್ನೊಬ್ಬರ ಹೆಸರು ಕೆಡಬಾರದು ನೋಡಿ. ವರ್ಷಗಟ್ಟಲೆ ಉರುಳೆಯ ಮುಂದೆ ಬೆವರಿದವಳಿಗೆ ಆ ಪ್ರಶ್ನೆಗಳು ಯಾವ ಲೆಕ್ಕ? ನೂರಕ್ಕೆ ನೂರು ಬಂತು. ಪರದೆಯ ತುಂಬ ಬಣ್ಣದ ಬಲೂನು ಹಾರಿದವು. ಅತ್ತಿಗೆಗೆ ನಗು ಬಂತು.

ಮೇಷ್ಟ್ರು ಅದನ್ನು ನಗುವಿನ ವಿಷಯ ಎಂದುಕೊಳ್ಳಲಿಲ್ಲ. ಯಾರಲ್ಲಿ ಯಾವ ಪ್ರತಿಭೆ ಅಡಗಿದೆ ಎಂದು ಅಂಕ ನೋಡಿ ಹೆಕ್ಕುವುದೂ ಅದರ ಕಸುಬೇ. ಮಡಿಸುವ ಮೇಜಿನಲ್ಲಿ ಇಂಥ ರತ್ನ ಕೊಳೆಯುತ್ತಿದೆ ಎಂದು ಕಂಡುಹಿಡಿದು, ನಾದಿನಿಯನ್ನು ರೋಲರಿಗೆ ಬಡ್ತಿ ಮಾಡಬಹುದು ಎಂದು ಮೇಲಿನವರಿಗೆ ಸೂಚಿಸಿತು. ಮೇಲಿನವರು ಹೂಂ ಅಂದರು. ಗೇಟಿನ ಹತ್ತಿರದ ದೊಡ್ಡ ಪರದೆಯಲ್ಲಿ ಅವಳ ಫೋಟೋ ಬಂತು. ಅತ್ತೆ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ, ಮಗಳು ಓದಿದ್ದು ಕಡಿಮೆಯಾದರೂ ತಲೆ ಚುರುಕು ಎಂದು ಹೇಳಿಕೊಂಡು ಬಂದಳು.

ರೋಲರಿಗೆ ಹೊಸದಾಗಿ ಹೋಗುವವರು ಕೆಲವು ವಾರ ಹಳಬರ ಪಕ್ಕ ನಿಂತು ಕಲಿಯುವುದು ಮೊದಲಿಂದ ನಡೆದುಬಂದದ್ದು. ಅತ್ತಿಗೆ ಅದನ್ನೇ ನಂಬಿಕೊಂಡಿದ್ದಳು. ಆದರೆ ಪೂರ್ತಿ ಅಂಕ ಪಡೆದವರಿಗೆ ಅದರ ಅಗತ್ಯವಿಲ್ಲ ಎಂದು ಮೇಷ್ಟ್ರು ತೀರ್ಮಾನಿಸಿತ್ತು. ನಾದಿನಿಯನ್ನು ಬೇರೆ ಶಿಫ್ಟಿಗೆ ಹಾಕಿ ಸೋಮವಾರದಿಂದಲೇ ಉರುಳೆಯ ಮುಂದೆ ನಿಲ್ಲಿಸುತ್ತಾರೆ ಎಂದು ತಿಳಿದಾಗ ಅತ್ತಿಗೆ ಹೆದರಿದಳು. ಸೂಪರ್‌ವೈಸರ್ ಹತ್ತಿರ ಹೋಗಿ ಅವಳಿಗೆ ಏನೂ ಗೊತ್ತಿಲ್ಲ ಎಂದರೆ, ಹಾಗಾದರೆ ನೂರಕ್ಕೆ ನೂರು ತೆಗೆದವರು ಯಾರು ಎಂದು ಕೇಳದೆ ಇರುತ್ತಾನೆಯೇ? ಅವಳು ಹೋಗಲಿಲ್ಲ. ಭಾನುವಾರ ಮನೆಯಲ್ಲೇ ಮಂಚದ ಮೇಲಿನ ಹಾಸುಬಟ್ಟೆ ಎಳೆದು, ಹೀಗೆ ಹಿಡಿ, ಹೀಗೆ ಕೊಡು ಎಂದು ತೋರಿಸಿದಳು.

“ಮುದುರಿದ್ರೆ ಕೈ ಬಿಟ್ಬಿಡು. ಸರಿ ಮಾಡೋಕೆ ಹೋಗ್ಬೇಡ. ಬಟ್ಟೆ ಹಾಳಾದ್ರೆ ಹಾಳಾಗ್ಲಿ.”

“ಆಯ್ತು ಅತ್ತಿಗೆ, ಎಷ್ಟು ಸಲ ಹೇಳ್ತೀರಿ” ಎಂದು ನಾದಿನಿ ನಗುತ್ತಿದ್ದಳು. ಒಗೆದ ಬಟ್ಟೆ ಯಾಕೆ ಎಳೆದಾಡುತ್ತೀರಿ ಎಂದು ಅತ್ತೆ ಇಬ್ಬರನ್ನೂ ಗದರಿದಳು. ಆ ಸದ್ದು, ಆ ಸೆಕೆ, ಹಿಂದಿನಿಂದ ಬೇಗ ಬೇಗ ಎಂದು ಕೂಗುವ ಸೂಪರ್‌ವೈಸರ್, ಇದ್ಯಾವುದೂ ಮಂಚದ ಹತ್ತಿರ ಇರಲಿಲ್ಲ.

ಎರಡನೆಯ ವಾರದಲ್ಲಿ ಒಂದು ಹಾಸುಬಟ್ಟೆಯ ಅಂಚು ಮುದುರಿತು. ಮಡಿಸುವ ಮೇಜಿನಲ್ಲಿ ಮುದುರು ಕಂಡರೆ ಸವರಿ ಸರಿಮಾಡುವುದು ನಾದಿನಿಯ ಕೈಗೆ ಅಂಟಿದ ಅಭ್ಯಾಸ. ಇಲ್ಲಿಯೂ ಸವರಿದಳು. ಉರುಳೆಯ ಮುಂದಿನ ತಡೆಪಟ್ಟಿಗೆ ಕೈ ತಗುಲಿದರೆ ಯಂತ್ರ ನಿಲ್ಲುತ್ತದೆ, ಅಂದೂ ನಿಂತಿತು. ನಿಲ್ಲುವಷ್ಟರಲ್ಲಿ ಬಲಗೈ ಮಣಿಕಟ್ಟಿನವರೆಗೆ ಒಳಗಿತ್ತು.

ಅತ್ತಿಗೆ ಆಸ್ಪತ್ರೆಗೆ ಓಡಿಬಂದಾಗ ನಾದಿನಿ ಮಂಪರಿನಲ್ಲಿದ್ದಳು. ಮಂಚದ ಹಾಸುಬಟ್ಟೆಯ ಮೂಲೆಯಲ್ಲಿ ತಮ್ಮ ಲಾಂಡ್ರಿಯ ಮುದ್ರೆಯಿತ್ತು. ಅದನ್ನು ನೋಡಿದ ಮೇಲೆ ಅತ್ತಿಗೆಗೆ ಅಲ್ಲಿ ಕೂರಲಾಗಲಿಲ್ಲ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎರಡು ಬೆರಳು ಹೋಗಿದ್ದವು. ಬೇಗ ಇನ್ನೊಂದು ಆಪರೇಷನ್ ಆದರೆ ಹೆಬ್ಬೆರಳೂ ತೋರುಬೆರಳೂ ಕೂಡುತ್ತವೆ, ಲೋಟ ಹಿಡಿಯಬಹುದು, ಗುಂಡಿ ಹಾಕಿಕೊಳ್ಳಬಹುದು ಎಂದರು ಡಾಕ್ಟರು. ತಡವಾದರೆ ಸುಟ್ಟ ಚರ್ಮ ಬಿಗಿದು ಕೈ ಮುದುಡಿಕೊಂಡೇ ಉಳಿಯುತ್ತದೆ ಎಂದೂ ಅಂದರು. ಅದು ಇವರ ಕೈಗೆಟುಕುವ ಆಪರೇಷನ್ ಅಲ್ಲ, ಕಂಪನಿಯೇ ಮಾಡಿಸಬೇಕು. ತಪ್ಪು ಕೆಲಸಗಾರ್ತಿಯದ್ದಲ್ಲ ಎಂದು ವಿಚಾರಣೆಯಲ್ಲಿ ಬಂದರೆ ಮಾತ್ರ ಕಂಪನಿ ಮಾಡಿಸುತ್ತದೆ. ಕಲಿಯದವಳನ್ನು ಯಂತ್ರದ ಮುಂದೆ ನಿಲ್ಲಿಸಿದ್ದು ಎಂದಾದರೆ ತಪ್ಪು ಕಂಪನಿಯದು, ಕಲಿತೂ ಕೈ ಕೊಟ್ಟಳು ಎಂದಾದರೆ ಅವಳದು.

ವಿಚಾರಣೆ ನಡೆಸಿದವರು ತರಬೇತಿ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ‘ಟ್ಯಾಲೆಂಟ್ ಮೇಡಂ’. ಕೆಟ್ಟವರಲ್ಲ. ಇಬ್ಬರನ್ನೂ ಕೂರಿಸಿ, ನೀರು ಕೊಟ್ಟು, ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದರು. ನಾದಿನಿಯ ಹೆಸರು, ಪಾಠದ ಹೆಸರು, ಪಕ್ಕದಲ್ಲಿ ನೂರು.

“ನೀವೇ ಪಾಠ ನೋಡಿ, ನೀವೇ ಉತ್ತರ ಕೊಟ್ಟಿದ್ದು ಅಲ್ವಾ ಅಮ್ಮಾ?”

ಈಗ, ಈಗಲೇ ಹೇಳಬೇಕು ಎಂದು ಅತ್ತಿಗೆ ಅಂದುಕೊಳ್ಳುತ್ತಿರುವಾಗಲೇ ನಾದಿನಿ ಹೇಳಿಬಿಟ್ಟಳು.

“ಹೌದು ಮೇಡಂ. ನಾನೇ.”

“ಶನಿವಾರ ವರದಿ ಕಳಿಸ್ತೀನಿ. ಅಷ್ಟರಲ್ಲಿ ಯಾರಿಗೆ ಏನು ಹೇಳ್ಬೇಕು ಅನಿಸಿದ್ರೂ ನನ್ನ ಹತ್ರ ಬರಬಹುದು” ಎಂದರು ಮೇಡಂ.

ಬಸ್ ಸ್ಟಾಪಿನಲ್ಲಿ ಅತ್ತಿಗೆ ಕೇಳಿದಳು: “ಯಾಕೇ ಹಾಗಂದೆ?”

“ಇನ್ನೇನು ಅನ್ಲಿ? ನಿಮ್ಮ ಹೆಸರು ಹೇಳಿದ್ರೆ ನಿಮ್ಮನ್ನೂ ಮನೆಗೆ ಕಳಿಸ್ತಾರೆ. ಇಬ್ಬರೂ ಕೂತ್ಕೊಂಡು ಅಮ್ಮನ ಮುಖ ನೋಡ್ತಾ ಇರೋಣ್ವಾ?”

“ನಾನೇ ಹೇಳ್ತೀನಿ ಬಿಡು. ನಾಳೆನೇ ಹೋಗಿ ಹೇಳ್ತೀನಿ.”

ನಾದಿನಿ ಬಸ್ಸು ಬರುವ ದಾರಿ ನೋಡುತ್ತಾ ನಿಂತಳು.

ನಾಳೆ ಎಂಬುದು ಎಂಥ ಬಡವರ ಮನೆಯಲ್ಲೂ ಧಾರಾಳವಾಗಿ ಸಿಗುವ ವಸ್ತು. ಅತ್ತಿಗೆ ಒಂದು ದಿನ ಮೇಡಂ ಕೋಣೆಯ ಗಾಜಿನ ಬಾಗಿಲ ತನಕ ಹೋದಳು, ಮೇಡಂ ಫೋನಿನಲ್ಲಿದ್ದರು, ತಿರುಗಿ ಬಂದಳು. ಮರುದಿನ ಮೇಡಂ ಒಬ್ಬರೇ ಇದ್ದರು. ನಾದಿನಿ ಹೇಗಿದ್ದಾಳೆ ಎಂದು ಕೇಳಿ, ಅವಳಿಗೆ ಕೊಡಿ ಎಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ದೊಡ್ಡ ಉಪಕಾರವಾಯಿತು ಮೇಡಂ ಎಂದು ಹೇಳಿ ಹೊರಗೆ ಬಂದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೆ ಅಸಹ್ಯವಾದ ಮಾತ್ರಕ್ಕೆ ಕಾಲು ಹಿಂದಕ್ಕೆ ತಿರುಗಬೇಕಲ್ಲ.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಎಲ್ಲರಿಗೂ ಹೊಸ ಪಾಠ ಕಳಿಸಿತು: ‘ಇತ್ತೀಚಿನ ಘಟನೆಯಿಂದ ನಾವು ಕಲಿತದ್ದೇನು?’ ಶಿಫ್ಟಿಗೆ ಮೊದಲೇ ಮುಗಿಸಬೇಕಂತೆ. ಎಲ್ಲ ಕೆಲಸಗಾರರ ಉತ್ತರಗಳನ್ನೂ ವಿಚಾರಣೆಯ ವರದಿಗೆ ಲಗತ್ತಿಸುತ್ತಾರಂತೆ. ಅತ್ತಿಗೆ ಅಡುಗೆಮನೆಯಲ್ಲಿ ನಿಂತೇ ನೋಡಿದಳು. ಗೊಂಬೆಯಂಥ ಒಬ್ಬ ಹುಡುಗಿ ಆಚೀಚೆ ನೋಡಿ ನಗುತ್ತಾ ಬಟ್ಟೆ ಕೊಡುತ್ತಾಳೆ, ಕೈ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಒಂದೇ ಪ್ರಶ್ನೆ. ಅಪಘಾತಕ್ಕೆ ಕಾರಣವೇನು? ಯಂತ್ರದ ದೋಷ, ತರಬೇತಿಯ ಕೊರತೆ, ಕೆಲಸಗಾರ್ತಿಯ ಅಜಾಗರೂಕತೆ.

ಅತ್ತಿಗೆ ಎರಡನೆಯದನ್ನು ಒತ್ತಿದಳು. ‘ತಪ್ಪು ಉತ್ತರ. ಇನ್ನೊಮ್ಮೆ ಯೋಚಿಸಿ.’ ಮೊದಲನೆಯದನ್ನು ಒತ್ತಿದಳು. ‘ತಪ್ಪು ಉತ್ತರ. ಇನ್ನೊಮ್ಮೆ ಯೋಚಿಸಿ.’

“ಏನದು?” ಒಲೆಯ ಹತ್ತಿರ ನಿಂತು ಎಡಗೈಯಲ್ಲಿ ಚಹಾ ಸೋಸಲು ಪರದಾಡುತ್ತಿದ್ದ ನಾದಿನಿ ಕೇಳಿದಳು.

“ಏನಿಲ್ಲ ಕಣೇ.”

ನಾದಿನಿ ಪಾತ್ರೆ ಇಳಿಸಿ ಬಂದು ಮೊಬೈಲು ಇಸಕೊಂಡಳು. ಓದಿದಳು. ಮತ್ತೊಮ್ಮೆ ಓದಿದಳು.

“ಮೂರನೇದು” ಎಂದಳು.

“ಒತ್ತಲ್ಲ ನಾನು. ಇವತ್ತು ಹೋಗಿ ಹೇಳೇಬಿಡ್ತೀನಿ.”

“ಒತ್ತದೆ ಗೇಟೇ ತೆಗೆಯಲ್ಲ. ಎಲ್ಲಿಗೆ ಹೋಗಿ ಹೇಳ್ತೀರಿ?”

“ಗೇಟಿನ ಹತ್ರನೇ ಕೂಗಿ ಹೇಳ್ತೀನಿ!”

“ಅತ್ತಿಗೆ.” ನಾದಿನಿಯ ದನಿ ಏರಲಿಲ್ಲ. “ಹೇಳೋರಾಗಿದ್ರೆ ಅವತ್ತೇ ಹೇಳ್ತಿದ್ರಿ. ನಾನು ಹೌದು ಮೇಡಂ ಅಂದ ತಕ್ಷಣ ನಿಮ್ಮ ಮುಖ ನೋಡಿದೆ. ಉಸಿರು ಬಿಟ್ರಿ ನೀವು. ಸದ್ಯ ಬಚಾವಾದೆ ಅನ್ನೋ ಹಾಗೆ.”

ಅದು ಸುಳ್ಳಾಗಿದ್ದರೆ ಅತ್ತಿಗೆ ಜಗಳಕ್ಕೆ ನಿಲ್ಲುತ್ತಿದ್ದಳು.

“ನೀವು ಬೇಡ ಅಂತೀರಿ, ನನ್ನ ಮಾತಿಗೆ ಅಡ್ಡ ಬರ್ತೀರಿ ಅಂತ ಕಾದೆ. ಬಸ್ ಸ್ಟಾಪಲ್ಲಿ ಕಾದೆ. ವಾರವೆಲ್ಲಾ ಕಾದೆ. ಬಿಸ್ಕತ್ತು ತಂದುಕೊಟ್ರಿ.” ಅವಳು ಮೊಬೈಲನ್ನು ಎಡಗೈಯಲ್ಲಿ ಮುಂದೆ ಹಿಡಿದಳು. “ನನ್ನ ಹೆಸರಲ್ಲಿ ಏನೇನೋ ಒತ್ತಿದ್ದೀರಿ. ಇದೊಂದನ್ನ ನಿಮ್ಮ ಹೆಸರಲ್ಲೇ ಒತ್ತಿ. ನನ್ನೆದುರಿಗೇ ಒತ್ತಿ.”

ಹೊರಗೆ ಅತ್ತೆ ಯಾರಿಗೋ, ಆಪರೇಷನ್ ಆದ ಮೇಲೆ ಮಗಳ ಕೈ ಮೊದಲಿನ ಹಾಗೇ ಆಗುತ್ತದಂತೆ ಎಂದು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಅತ್ತಿಗೆ ನಾದಿನಿಯ ಮುಖ ನೋಡಿದಳು. ಅಲ್ಲಿ ಕೋಪವಿದ್ದಿದ್ದರೆ ಕಾಲಿಗೆ ಬೀಳಬಹುದಿತ್ತು. ಕೋಪವೂ ಮುಗಿದು ಹೋಗಿತ್ತು. ಬಸ್ಸಿನ ಹೊತ್ತಾಗಿತ್ತು. ಬಾಡಿಗೆ, ಅತ್ತೆಯ ಮಾತ್ರೆ, ಮೂರು ಹೊಟ್ಟೆ ಎಂದು ಅವಳ ತಲೆ ತನ್ನಷ್ಟಕ್ಕೆ ಕಾರಣಗಳನ್ನು ಜೋಡಿಸಿಕೊಡುತ್ತಲೇ ಇತ್ತು. ಆ ಕಾರಣಗಳೆಲ್ಲ ನಿಜವೇ. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಅವಳು ಮೂರನೆಯದನ್ನು ಒತ್ತಿದಳು. ನಾದಿನಿ ಮೊಬೈಲನ್ನು ಅವಳ ಕೈಗಿಟ್ಟು ಒಲೆಯ ಹತ್ತಿರ ಹೋದಳು.

ಗೇಟಿನಲ್ಲಿ ಬ್ಯಾಡ್ಜು ತೋರಿಸಿದ ಕೂಡಲೇ ಹಸಿರು ಬಂತು. ಮೇಡಂ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಬೇರೆ ಯಾರೂ ಇರಲಿಲ್ಲ. ಅತ್ತಿಗೆಯನ್ನು ಕಂಡು ಮೇಡಂ ತಲೆಯೆತ್ತಿ, ನಾದಿನಿ ಹೇಗಿದ್ದಾಳೆ, ಏನಾದರೂ ಹೇಳುವುದಿತ್ತೇ ಎಂದು ಕೇಳಿದರು.

“ಪರವಾಗಿಲ್ಲ ಮೇಡಂ, ಏನಿಲ್ಲ” ಎಂದು ಅತ್ತಿಗೆ ರೋಲರಿನ ಕಡೆ ನಡೆದಳು.