ಸವತಿಯ ಕಡುಬು

ಬದುಕಿರುವ ಸವತಿಯಾದರೆ ಜಗಳವಾಡಿಯಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದು. ಎತೆಲ್ಕಾಳ ಸವತಿ ಸತ್ತು ಸಮಾಧಿ ಸೇರಿದ್ದಳು. ಅವಳ ಜುಟ್ಟು ಹಿಡಿಯುವುದು ಹೇಗೆ? ಮೊದಲ ಹೆಂಡತಿ ವಿಲ್ಮಾ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಗಾಶ್ಪಾರ್ ಎತೆಲ್ಕಾಳನ್ನು ಮದುವೆಯಾಗಿ, ತಿಸಾ ನದಿಯ ದಡದ ತನ್ನ ಮನೆಗೆ ಕರೆತಂದ. ಅಡುಗೆಮನೆಯ ಮೊಳೆಯಲ್ಲಿ ವಿಲ್ಮಾಳ ಏಪ್ರನ್ ಇನ್ನೂ ನೇತಾಡುತ್ತಿತ್ತು. ಎತೆಲ್ಕಾ ಅದನ್ನು ಒಗೆದು, ಇಸ್ತ್ರಿ ಮಾಡಿ, ಪೆಟ್ಟಿಗೆಯ ತಳಕ್ಕೆ ತುರುಕಿದಳು. ಗಾಶ್ಪಾರ್ ತುಟಿಪಿಟಕ್ಕೆನ್ನಲಿಲ್ಲ.

ಅವನು ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ, ಅದೇ ಅವಳ ಸಂಕಟ. ಹಿತ್ತಲಿನ ಪ್ಲಮ್ ಹಣ್ಣಾದ ಮೇಲೆ ಭಾನುವಾರ ಬಂತೆಂದರೆ ಗೊಂಬೋತ್ಸ್ ಮಾಡುತ್ತಿದ್ದಳು. ಆ ಕಡುಬಿನಲ್ಲಿ ಅವಳನ್ನು ಸರಿಗಟ್ಟುವವರು ಸುತ್ತಮುತ್ತ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ನೆಲಮಾಳಿಗೆಯಲ್ಲಿಟ್ಟ ಹಳೇ ಆಲೂಗಡ್ಡೆ ಬೇಯಿಸಿ, ಪೂರ್ತಿ ಆರಿದ ಮೇಲೆಯೇ ಹಿಟ್ಟು ಸೇರಿಸಿ ನಾದುವಳು. ಬೀಜ ತೆಗೆದ ಹಣ್ಣಿಗೆ ಸಕ್ಕರೆ, ಚಕ್ಕೆಪುಡಿ ತುಂಬಿ, ಕಣಕದಲ್ಲಿಟ್ಟು ಉಂಡೆ ಕಟ್ಟಿದರೆ ಕುದಿಯುವ ನೀರಿನಲ್ಲಿ ಒಂದೂ ಬಾಯಿ ಬಿಡುತ್ತಿರಲಿಲ್ಲ. ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ತಟ್ಟೆಗಿಟ್ಟರೆ ಗಾಶ್ಪಾರ್ ತಿಂದು, ಮೀಸೆ ಒರೆಸಿಕೊಂಡು, ಹಿತ್ತಲಿಗೆ ಹೋಗುತ್ತಿದ್ದ. ವಿಲ್ಮಾಳದು ಎಂಥ ಅಮೃತವಾಗಿದ್ದಿರಬೇಕು ಎಂದು ಎತೆಲ್ಕಾ ಒಳಗೊಳಗೇ ಉರಿದುಹೋಗುತ್ತಿದ್ದಳು.

ಒಂದು ದಿನ ವಿಲ್ಮಾಳ ತಂಗಿ ಬೋರಿಷ್ಕಾ ಜಾಮ್ ಕಾಯಿಸುವ ಕಡಾಯಿ ಕೇಳಿಕೊಂಡು ಬಂದಾಗ ಎತೆಲ್ಕಾ ತಡೆಯಲಾರದೆ ಬಾಯಿಬಿಟ್ಟಳು.

"ನಿಮ್ಮಕ್ಕ ಗೊಂಬೋತ್ಸ್‌ಗೆ ಏನು ಹಾಕ್ತಿದ್ರು?"

ಬೋರಿಷ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮಕ್ಕಂದಾ? ಅದನ್ನ ಗೊಂಬೋತ್ಸ್ ಅಂತ ಕರೆದೋರಿಗೆ ಬಹುಮಾನ ಕೊಡ್ಬೇಕು ಕಣೇ. ಆಗತಾನೇ ಅಗೆದ ಆಲೂಗಡ್ಡೆ ಹಾಕೋಳು, ಬಿಸಿ ಇರೋವಾಗ್ಲೇ ಹಿಟ್ಟು ಸುರಿಯೋಳು. ಎಷ್ಟು ಹೇಳಿದ್ರೂ ತಾಳ್ಮೆ ಇಲ್ಲ. ಪಾತ್ರೇಲಿ ಎಲ್ಲಾ ಒಡೆದು ಗಂಜಿ."

"ಅದನ್ನ ಇವರು ತಿಂತಿದ್ರಾ?"

"ಭಾವಾನಾ? ದೊಡ್ಡ ಚಮಚ ತಗೊಂಡು ಬಳ್ಕೊಂಡು ತಿನ್ನೋರು. ನಂಗೆ ಹೀಗೇ ಇಷ್ಟ ಅನ್ನೋರು. ಅಕ್ಕ ಅಳ್ತಾ ಅಳ್ತಾನೇ ನಕ್ಬಿಡೋಳು."

ವಿಲ್ಮಾಳ ಕಡುಬು ತನ್ನದಕ್ಕಿಂತ ರುಚಿಯಾಗಿತ್ತು ಎಂದಿದ್ದರೆ ಎತೆಲ್ಕಾ ಹೇಗೋ ನುಂಗಿಕೊಳ್ಳುತ್ತಿದ್ದಳು. ಇದನ್ನು ನುಂಗಲಾಗಲಿಲ್ಲ. ಆ ಗಂಜಿಗೆ ಅಷ್ಟು ಪ್ರೀತಿಯ ಸುಳ್ಳು. ತನ್ನ ಕಡುಬಿಗೆ ಮೀಸೆ ಒರೆಸಿಕೊಳ್ಳುವುದು. ತನಗಾಗಿಯೂ ಅವನು ಒಂದು ಸುಳ್ಳು ಹೇಳುತ್ತಾನೋ ಇಲ್ಲವೋ, ನೋಡಿಯೇ ಬಿಡಬೇಕು ಎಂದು ಹಟ ಹಿಡಿದಳು.

ಭಾನುವಾರ ತೋಟದಿಂದ ಹೊಸ ಆಲೂಗಡ್ಡೆ ಅಗೆದು ತಂದಳು. ಬೇಯಿಸಿ ಕಿವುಚಿ, ಇನ್ನೂ ಹಬೆಯಾಡುತ್ತಿದ್ದಾಗಲೇ ಹಿಟ್ಟು ಸುರಿದಳು. ಕಣಕ ಕೈಗೆಲ್ಲ ಅಂಟಿಕೊಂಡಿತು. ಪಳಗಿದ ಕೈ ಬೇಡ ಬೇಡ ಎನ್ನುತ್ತಿತ್ತು, ಅವಳು ಕೇಳಲಿಲ್ಲ. ನೀರಿಗೆ ಬಿದ್ದ ಉಂಡೆಗಳು ನೋಡುನೋಡುತ್ತಲೇ ಬಿಚ್ಚಿಕೊಂಡು ಕೆಂಪು ಗಂಜಿಯಾದವು. ಪಾತ್ರೆಯನ್ನು ಹಾಗೇ ತಂದು ಗಂಡನ ಮುಂದೆ ಕುಕ್ಕಿದಳು.

ಗಾಶ್ಪಾರ್ ಪಾತ್ರೆಯೊಳಗೆ ಬಹಳ ಹೊತ್ತು ನೋಡಿದ. ಎದ್ದುಹೋಗಿ ದೊಡ್ಡ ಚಮಚ ತಂದ. ಒಂದು ತುತ್ತು ತಿಂದ, ಇನ್ನೊಂದು ತಿಂದ.

"ನಂಗೆ ಹೀಗೇ ಇಷ್ಟ," ಎಂದ.

ಬಯಸಿದ್ದ ಸುಳ್ಳು ಒಂದಕ್ಷರವೂ ಆಚೀಚೆಯಾಗದೆ ಸಿಕ್ಕಿತು. ಆದರೆ ಅದು ವಿಲ್ಮಾ ಉಂಡು ಬಿಟ್ಟ ಎಂಜಲು. ಎತೆಲ್ಕಾಳ ಕಣ್ಣು ತುಂಬಿಬಂದವು.

"ಆ ಮಾತು ನಂಗೆ ಬೇಡ, ಅದು ಅವರದು," ಎಂದಳು. "ಚೆನ್ನಾಗಿಲ್ಲ ಅಂತ ಹೇಳಿ."

ಅವನು ಚಮಚ ಕೆಳಗಿಟ್ಟ. "ಚೆನ್ನಾಗಿಲ್ಲ. ಬೇಕಂತ್ಲೇ ಕೆಡಿಸಿದ್ದೀಯ." ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, "ಹೋದ ವಾರ ಮಾಡಿದ್ಯಲ್ಲ, ಅಂಥದ್ದನ್ನ ನಾನು ಹುಟ್ಟಿದಾಗಿಂದ ತಿಂದಿರ್ಲಿಲ್ಲ," ಎಂದ.

"ಅದನ್ನ ಹೋದ ವಾರವೇ ಹೇಳೋಕೆ ನಿಮಗೇನಾಗಿತ್ತು?"

ಗಾಶ್ಪಾರ್ ಗೋಡೆಯ ಖಾಲಿ ಮೊಳೆಯ ಕಡೆ ನೋಡಿದ.

"ಅವಳಿಗೆ ಕೇಳಿಸಿಬಿಡತ್ತೆ ಅನ್ಸೋದು."

ಎತೆಲ್ಕಾಳ ಹೊಟ್ಟೆಕಿಚ್ಚು ಆರಲಿಲ್ಲ. ಆದರೂ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು, ಅವನ ಬಾಯಿಯ ಹತ್ತಿರಕ್ಕೆ ಕಿವಿ ತಂದಳು.

"ಹಾಗಾದ್ರೆ ಮೆಲ್ಲಗೆ ಹೇಳಿ," ಎಂದಳು.